ಬೆಂದ ಬೆರಳು

ಶಿಡ್ಲಘಟ್ಟದ ಜೆರಾಕ್ಸ್ ಅಂಗಡಿಯಲ್ಲಿ ಪಹಣಿ ಹಿಡಿದು ನಿಂತಿದ್ದೆ. ಮುಂದಿದ್ದ ಹುಡುಗಿ ತಾನೇ ಬರೆದ ಪೋಸ್ಟರಿನ ಪ್ರತಿ ತೆಗೆಸುತ್ತಿದ್ದಳು. ಬೊಬ್ಬೆ ಎದ್ದ ಒಂದು ಕೈ, ಕೆಳಗೆ ಅವಳ ಪಂಕ್ ರಾಕ್ ಬ್ಯಾಂಡಿನ ಹೆಸರು, ಶನಿವಾರದ ಕಾರ್ಯಕ್ರಮ, ಬ್ಯಾಂಡಿನವರ ಹೆಸರುಗಳು. ಜೊತೆಗಿದ್ದವನು ಅದೇ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವನಂತೆ.

“ಸೀರೆ ಅಂಗಡಿ ಜಾಹೀರಾತಿಗೆ ನನ್ನ ಹಾಡು ಕೊಟ್ಟಿದ್ದು ನೀನೇ ಅಲ್ವೇನೋ, ಮಧು?”

“ಒಂದೇ ಒಂದು ಪದ ಬದಲಾಯಿಸವ್ರೆ ಕಣೇ, ಧನು.”

“ಬೆಂದ ಬೆರಳು ಅಂತಿದ್ದಿದ್ದನ್ನ ಚೆಂದ ಬೆರಳು ಅಂತ ಮಾಡವ್ರೆ. ಅದು ನಮ್ಮಮ್ಮನ ಕೈ ಕಣೋ! ಇಪ್ಪತ್ತು ವರ್ಷ ಬಿಸಿನೀರಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆದಿರೋ ಕೈ. ನನ್ನ ಈ ಚಿತ್ರಾನೂ ಎತ್ಕೊಂಡು, ಬೊಬ್ಬೆ ಅಳಿಸಿ, ಬಳೆ ತೊಡಿಸವ್ರೆ.”

“ಜನ ಕೇಳಲಿ ಅಂತ ಕೊಟ್ಟೆ. ಶೆಡ್ಡಲ್ಲಿ ನಾವೇ ರೆಕಾರ್ಡ್ ಮಾಡಿ ನಲವತ್ತು ಜನಕ್ಕೆ ಹಂಚಿದ್ರೆ ಏನು ಬಂತು?”

“ಆ ನಲವತ್ತು ಜನಕ್ಕೆ ಪದ ಅರ್ಥ ಆಗಿತ್ತು.”

“ಅಮ್ಮ ನೋಡಿದ್ರಾ?”

“ಟಿವೀಲಿ ನೋಡಿದ್ಲು. ಕೈ ಎರಡೂ ಸೆರಗೊಳಗೆ ಮುಚ್ಕೊಂಡ್ಲು.”

ಅವನು ತಲೆ ತಗ್ಗಿಸಿದ. ಅವಳು ಬಿಸಿ ಪ್ರತಿಗಳನ್ನು ತೆಗೆದುಕೊಂಡು, ಒಂದೊಂದರಲ್ಲೂ ಅವನ ಹೆಸರಿಗೆ ಪೆನ್ನಿನಿಂದ ಗೀಟು ಹಾಕಿದಳು.

“ಶನಿವಾರ ಡ್ರಮ್ ಯಾರು ಬಾರಿಸ್ತಾರೆ?”

“ನಾನೇ.”

“ನಿಂಗೆ ಬರಲ್ವಲ್ಲೇ!”

“ಬರದೇ ಇದ್ರೂ ಬಾರಿಸ್ತೀನಿ,” ಎನ್ನುತ್ತ ಅವಳು ಬಸ್‌ ನಿಲ್ದಾಣದ ಕಡೆ ನಡೆದಳು. ಅವನು ಇನ್ನೊಂದು ದಿಕ್ಕಿಗೆ ಹೋದ.