ಯಮನೂರ ಅಡ್ಮಿನ್ ಆದದ್ದು

ನಗಬೇಡಿ ಮಾರಾಯ್ರೆ. ನಗುವುದಾದರೆ ನಾನು ಇಲ್ಲಿಗೇ ನಿಲ್ಲಿಸುತ್ತೇನೆ. ಇದು ಯಾರೋ ಎಲ್ಲೋ ಹೇಳಿದ್ದಲ್ಲ, ನನ್ನ ದೊಡ್ಡಮ್ಮನ ಮಗ ಉಜ್ವಲನಿಗೇ ಆದದ್ದು.

ಕಾಪುವಿನ ಆಚೆ ಒಂದು ಮೀನಿನ ಫ್ಯಾಕ್ಟರಿ ಉಂಟು... ಹೆಸರು ಬೇಡ. ಅಲ್ಲಿ ಅವನು ಸೂಪರ್‌ವೈಸರ್. ಆ ರಾತ್ರಿ ಶಿಫ್ಟ್ ಮುಗಿಸಿ ಮನೆಗೆ ನಡೆದುಕೊಂಡು ಹೊರಟಿದ್ದ. ಗೇಟು ದಾಟಿದರೆ ಗೋಳಿಮರ. ಗಾಳಿಯೇ ಇಲ್ಲ. ಚಪ್ಪಲಿಯಡಿಯಲ್ಲಿ ಒಣಗಿದ ಎಲೆ ಚರಕ್... ಚರಕ್... ಅಷ್ಟೇ ಸದ್ದು. ಮರದ ಬುಡಕ್ಕೆ ಬಂದದ್ದೇ, ಕಿಸೆಯಲ್ಲಿ ಫೋನು... ಟಿಣ್.

ಫ್ಯಾಕ್ಟರಿಯ ಹಾಜರಿ ಆ್ಯಪ್. "ಉಜ್ವಲ್: ಇನ್."

ಇದೆಂತ ಗ್ರಹಚಾರ! ಈಗಷ್ಟೇ ಔಟ್ ಮಾಡಿ ಬಂದಿದ್ದಾನೆ. ಕೆಳಗೆ ಸಣ್ಣ ಅಕ್ಷರದಲ್ಲಿತ್ತು, ತಿದ್ದಿದವರು: ಯಮನೂರ.

ಯಮನೂರ ಸತ್ತು ಆಗಲೇ ಎಷ್ಟೋ ದಿನ ಆಗಿತ್ತು.

ನನ್ನದೇ ರಕ್ತ ಅಂತ ಮುಚ್ಚಿಡುವುದಿಲ್ಲ, ಹೇಳುತ್ತೇನೆ. ಯಮನೂರ ಬಾಗಲಕೋಟೆ ಕಡೆಯವ. ಕೋಲ್ಡ್ ರೂಮಿನಲ್ಲಿ ಮೀನಿನ ಬಾಕ್ಸ್ ಹೊರುವ ಕೆಲಸ. ಆ ಆ್ಯಪಿನಲ್ಲಿ ಕೆಲಸದವರು ಇನ್ ಮಾತ್ರ ಒತ್ತಬಹುದು. ಔಟ್ ಕೊಡುವುದು, ಸಮಯ ತಿದ್ದುವುದು, ಎಲ್ಲ ಅಡ್ಮಿನ್. ಅಡ್ಮಿನ್ ಅಂದರೆ ನಮ್ಮ ಉಜ್ವಲ. ಎಷ್ಟು ಸೊಕ್ಕು ಅಂತೀರಿ ಅವನಿಗೆ! ಒಂದು ಚಾಯ ಕುಡಿಯಲಿಕ್ಕೆ ಹೋಗಬೇಕಾದರೂ ಇವನ ಮುಖ ನೋಡಬೇಕು. ಆ ದಿನ ಯಮನೂರ ಎದೆ ಹಿಡಿದುಕೊಂಡು ಬಂದ. "ಎದಿ ಭಾಳ ನೋಯಾಕತ್ತೈತ್ರಿ ಸರ್ರ... ಹೊರಗ ಹೋಗ್ಲೇನ್ರಿ?" ಇವನು ತಲೆ ಎತ್ತಿಯೂ ನೋಡಲಿಲ್ಲ. "ಲೋಡ್ ಮುಗಿಸಿ ಹೋಗು," ಅಂದ.

ಪಾಪ, ಬಾಕ್ಸುಗಳ ನಡುವೆಯೇ ಬಿದ್ದು ಸತ್ತ.

ಕೆಲಸ ಮಾಡುತ್ತಾ ಒಳಗೆ ಸತ್ತ ಅಂತಾದರೆ ಕೇಸು, ಇವನ ಕೆಲಸಕ್ಕೇ ಕುತ್ತು. ಯಾರೂ ಕಾಣದ ಹಾಗೆ ಹೆಣವನ್ನು ಹೊತ್ತು ಗೋಳಿಮರದ ಬುಡದಲ್ಲಿ ಹಾಕಿದ. ಮನೆಗೆ ಹೊರಟವ ದಾರಿಯಲ್ಲಿ ಸತ್ತ ಅಂತ ಆ್ಯಪಿನಲ್ಲೂ ತೋರಿಸಬೇಕಲ್ಲ? ತನ್ನ ಐಡಿಯಿಂದ ತಿದ್ದಿದರೆ ತನ್ನ ಹೆಸರು ಬೀಳುತ್ತದೆ. ಆಗ ಎಂತ ಮಾಡಿದ ಗೊತ್ತುಂಟಾ? ಯಮನೂರನ ಐಡಿಯನ್ನೇ ಅಡ್ಮಿನ್ ಮಾಡಿದ. ಅದರೊಳಗೆ ಹೊಕ್ಕು, ಸಾಯುವ ಮೊದಲೇ ಅವನೇ ಔಟ್ ಮಾಡಿಕೊಂಡ ಹಾಗೆ ತಿದ್ದಿದ. ಸತ್ತವನ ಕೈಗೆ ಅಧಿಕಾರ ಕೊಟ್ಟ. ಗಡಿಬಿಡಿಯಲ್ಲಿ ವಾಪಸ್ ತೆಗೆಯಲಿಕ್ಕೆ ಮರೆತ.

ಆ್ಯಪ್ ಹೇಳಿದ ಮೇಲೆ ಮುಗಿಯಿತು, ಎಲ್ಲರೂ ನಂಬಿದರು. ಹೆಂಡತಿ ರೇಣುಕವ್ವ "ನನ್ನ ಗಂಡ ಒಳಗ ಇದ್ದ" ಅಂತ ಗೇಟಿನ ಹತ್ತಿರ ಬೊಬ್ಬೆ ಹೊಡೆದಳು. ಯಾರು ಕೇಳುತ್ತಾರೆ? ಪರಿಹಾರ ಇಲ್ಲ, ಎಂತದೂ ಇಲ್ಲ. ಕೊನೆಗೆ ಹೊಟ್ಟೆಪಾಡಿಗೆ ಅದೇ ಫ್ಯಾಕ್ಟರಿಗೆ ಮೀನು ಕ್ಲೀನ್ ಮಾಡಲಿಕ್ಕೆ ಸೇರಿದಳು.

ಈಗ ಆ ಮರದಡಿ ನಿಂತು ಉಜ್ವಲ ಯಮನೂರನ ಹೆಸರು ಅಳಿಸಲಿಕ್ಕೆ ನೋಡಿದ. "ನಿಮಗೆ ಈ ಅನುಮತಿ ಇಲ್ಲ." ಪುನಃ ಒತ್ತಿದ. ಅದೇ. ತನ್ನ ಹೆಸರು ತೆರೆದು ನೋಡಿದರೆ ಅಡ್ಮಿನ್ ಅಂತ ಇದ್ದಲ್ಲಿ... ಕೆಲಸಗಾರ.

ಕಿವಿಯ ಹಿಂದೆ ತಣ್ಣನೆಯ ಉಸಿರು ತಾಗಿತು.

"ಔಟ್ ಆಗಿಲ್ರಿ ಸರ್ರ ನೀವು..."

ಓಡಿದ. ಮನೆಗಲ್ಲ, ಫ್ಯಾಕ್ಟರಿಗೆ. ಆಫೀಸಿನ ಕಂಪ್ಯೂಟರಿನಲ್ಲಿ ಮಾಲೀಕರ ಐಡಿ ತೆರೆದೇ ಇರುತ್ತದೆ, ಅದರಿಂದಾದರೂ ಅಳಿಸಿಬಿಡಬೇಕು ಅಂತ. ವಾಚ್‌ಮನ್ ಧರ್ಮಪಾಲ ಕುರ್ಚಿಯಲ್ಲಿ ತೂಕಡಿಸುತ್ತಿದ್ದ. ಆಫೀಸಿಗೆ ಹೋಗುವ ದಾರಿಯಲ್ಲೇ ಕೋಲ್ಡ್ ರೂಮು. ಬಾಗಿಲು ತೆರೆದಿತ್ತು. ಒಳಗೆ... ಧೊಪ್... ಧೊಪ್... ಯಾರೋ ಬಾಕ್ಸ್ ಇಳಿಸುತ್ತಿದ್ದಾರೆ.

"ಯಾರದು?" ಅಂತ ಒಳಗೆ ಕಾಲಿಟ್ಟ. ಹಿಂದೆ ಬಾಗಿಲು, ಧಡ್!

ದೂಡಿದ. ಅಲುಗಲಿಲ್ಲ. ಮುಷ್ಟಿ ಕಟ್ಟಿ ಢಬ್ ಢಬ್ ಅಂತ ಬಡಿದ. ಹೊರಗೆ ಧರ್ಮಪಾಲನ ಚಪ್ಪಲಿ ಟಪ್ ಟಪ್ ಅಂತ ಹತ್ತಿರ ಬಂತು.

"ಧರ್ಮಪಾಲಣ್ಣ! ನಾನು, ಉಜ್ವಲ! ಒಳಗಿದ್ದೇನೆ!"

ಧರ್ಮಪಾಲನಿಗೆ ಸ್ವರ ಕೇಳಿಸಲೇ ಇಲ್ಲವಂತೆ, ಬಾಕ್ಸ್ ಜಾರಿದ ಹಾಗೆ ಒಂದು ಸದ್ದು ಮಾತ್ರ. ಅವನು ಫೋನ್ ತೆಗೆದು ಆ್ಯಪ್ ನೋಡಿದ. ಎಲ್ಲರೂ ಔಟ್. ಮರದಡಿಯಲ್ಲಿ ಇನ್ ಅಂತ ತೋರಿಸಿದ್ದ ಉಜ್ವಲನೂ ಈಗ ಔಟ್. "ಒಳಗೆ ಯಾರೂ ಇಲ್ಲ," ಅಂತ ಗೊಣಗಿ ಹೊರಟೇ ಹೋದ. ಟಪ್... ಟಪ್... ಮತ್ತೆ ಏನಿಲ್ಲ.

"ಯಮನೂರ... ತಪ್ಪಾಯಿತು ಮಾರಾಯ. ಎಲ್ಲ ತಿದ್ದುತ್ತೇನೆ."

"ತಿದ್ದಾಕ ನಿಮಗ ಪರ್ಮಿಷನ್ ಇಲ್ರಿ."

"ಹೊರಗೆ ಬಿಡು..."

"ಲೋಡ್ ಮುಗಿಸಿ ಹೋಗ್ರಿ ಸರ್ರ."

ಬೆಳಿಗ್ಗೆ ಹೆಂಗಸರು ಬಂದು ಬಾಗಿಲು ಎಳೆದಾಗ ಉಜ್ವಲ ಬಾಕ್ಸ್ ಹೊರುತ್ತಿದ್ದ. ಆಚೆಯದು ಈಚೆಗೆ, ಈಚೆಯದು ಆಚೆಗೆ. ಹುಬ್ಬೆಲ್ಲ ಬಿಳಿ. ಬೆರಳು ಕಪ್ಪಾಗಿತ್ತು. ಎಳೆದರೂ ಬರುವುದಿಲ್ಲ ಮಾರಾಯ್ರೆ! ಆಗ ರೇಣುಕವ್ವ ಎದುರು ಬಂದು ನಿಂತಳು. ಅವಳನ್ನು ಕಂಡದ್ದೇ ಇವನು ಬಾಕ್ಸ್ ಕೆಳಗಿಟ್ಟು, ಮಕ್ಕಳು ಟೀಚರನ್ನು ಕೇಳುವ ಹಾಗೆ ಕೇಳಿದ.

"ಹೊರಗೆ ಹೋಗಬಹುದಾ?"

ಅವಳು ಅವನನ್ನೇ ನೋಡಿದಳು. "ನನ್ನ ಗಂಡ ಎಲ್ಲಿ ಸತ್ತ, ಹೇಳ್ರಿ. ಆಮ್ಯಾಲ ಹೋಗ್ರಿ."

ಎಲ್ಲರ ಎದುರು ಹೇಳಿದ. ಅಳುತ್ತಾ, ಒಂದೂ ಬಿಡದೆ.

ಮಣಿಪಾಲದಲ್ಲಿ ಬಲಗೈಯ ಬೆರಳು ತೆಗೆದರು. ಕೇಸು ನಡೆಯುತ್ತಾ ಉಂಟು. ರೇಣುಕವ್ವನಿಗೆ ಸಿಗಬೇಕಾದ್ದು ಸಿಕ್ಕಿತು. "ಅವನಿಗೆ ಹೀಗೇ ಆಗಬೇಕಿತ್ತು," ಅಂತ ಹೆತ್ತ ದೊಡ್ಡಮ್ಮನೇ ಹೇಳುತ್ತಾಳೆ.

ನಾನೂ ಮೊದಲು ನಂಬಲಿಲ್ಲ. ಯಾರೋ ಹೊರಗಿನಿಂದ ಬೀಗ ಹಾಕಿರಬೇಕು ಅಂತ ಒಂದು ದಿನ ಹಗಲು ಹೊತ್ತಿನಲ್ಲಿ ಹೋಗಿ ನೋಡಿದೆ. ಆ ಬಾಗಿಲಿಗೆ ಬೀಗ ಇಲ್ಲ... ಚಿಲಕವೂ ಇಲ್ಲ. ಒಳಗಿನಿಂದ ಒಂದು ಕೈಯಲ್ಲಿ ದೂಡಿದರೆ ತೆರೆಯುತ್ತದೆ. ದೇವರಾಣೆ, ನಾನೇ ಒಳಗೆ ನಿಂತು ದೂಡಿ ಬಂದಿದ್ದೇನೆ.