ಕುಟುಂಬದವರ ಕುರ್ಚಿ

ಸಭೆಯ ಅಧ್ಯಕ್ಷರೇ, ಮುಖ್ಯ ಅತಿಥಿಗಳಾಗಿ ಬಂದಿರುವ ನ್ಯಾಯಾಧೀಶರೇ, ಈ ವ್ಯಸನಮುಕ್ತಿ ಕೇಂದ್ರದ ಆಪ್ತಸಮಾಲೋಚಕಿಯವರೇ, ಮಕ್ಕಳ ಕೈ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿಳಿದ ತಂದೆತಾಯಿಗಳೇ, ಸಭಿಕರೇ,

'ಅತ್ಯುತ್ತಮ ಪೋಷಕಿ' ಎಂದು ಬರೆಸಿದ ಫಲಕ ಕೊಟ್ಟಿದ್ದೀರಿ. ಒಂಬತ್ತು ತಿಂಗಳಲ್ಲಿ ಒಂದು ಶನಿವಾರವನ್ನೂ ತಪ್ಪಿಸದೆ ಕುಟುಂಬದವರ ಕುರ್ಚಿಯಲ್ಲಿ ಕೂತಿದ್ದೆನಂತೆ. ನಿಜ. ಹೇಳಿದ ದಿನಕ್ಕೆ ಒಂದು ಅಂಗಿ ಹೊಲಿದು ಕೊಟ್ಟವಳಲ್ಲ ನಾನು, ಇಲ್ಲಿಗೆ ಮಾತ್ರ ತಪ್ಪದೆ ಬಂದೆ. ಆದರೆ ಆರು ತಿಂಗಳ ಚಿಕಿತ್ಸೆ ಒಂಬತ್ತು ತಿಂಗಳಾದದ್ದು ಏಕೆ? ಅದನ್ನು ಯಾರೂ ಕೇಳಲಿಲ್ಲ.

ಔಷಧದ ಅಂಗಡಿಯಲ್ಲಿ ನಿದ್ದೆ ಮಾತ್ರೆ ಕದ್ದು ಸಿಕ್ಕಿಬಿದ್ದಾಗ ನನ್ನ ಮಗಳಿಗೆ ಹದಿನೇಳು. ಮನೆಯಲ್ಲೇ ಇದ್ದು ಚಿಕಿತ್ಸೆ ಪಡೆಯಲಿ, ತಾಯಿಯೂ ಜೊತೆಗೆ ಕೂರಲಿ, ಮೂತ್ರ ಪರೀಕ್ಷೆಯಲ್ಲಿ ಏನೂ ಸಿಗದಿರಲಿ ಎಂದು ಇದೇ ನ್ಯಾಯಾಧೀಶರು ಆದೇಶ ಕೊಟ್ಟರು. ಐದು ತಿಂಗಳು ಎಲ್ಲವೂ ಸರಿಯಾಗಿತ್ತು. ಒಂದು ಸಂಜೆ ಅವಳು ಎರಡು ಗಂಟೆ ತಡವಾಗಿ ಬಂದಳು. ಎಲ್ಲಿದ್ದೆ ಎಂದು ನಾನು ಕೇಳಲಿಲ್ಲ. ಮತ್ತೆ ಮಾತ್ರೆಗೆ ಬಿದ್ದಳೇನೋ ಎಂದು ಭಯವಾಯಿತು. ಮರುದಿನ ಪರೀಕ್ಷೆಯವರು ಮನೆಗೆ ಬಂದಾಗ, ಅವಳು ಬಚ್ಚಲಿನಲ್ಲಿ ಇಟ್ಟುಬಂದ ಮೂತ್ರದ ಡಬ್ಬಿಯನ್ನು ನಾನೇ ತರುತ್ತೇನೆಂದು ಒಳಗೆ ಹೋದೆ. ಅದನ್ನು ಚೆಲ್ಲಿ, ನನ್ನದನ್ನು ತುಂಬಿಸಿ ಕೊಟ್ಟೆ.

ಹೌದು ಸ್ವಾಮಿ, ನಾನೇ.

ವರದಿ ಬಂತು: ನಿದ್ದೆ ಮಾತ್ರೆಯ ಅಂಶವಿದೆ. ಗಂಡ ತೀರಿಹೋದಂದಿನಿಂದ ಆರು ವರ್ಷ, ಮಾತ್ರೆ ನುಂಗದೆ ನಾನು ಮಲಗಿದವಳಲ್ಲ. ಡಾಕ್ಟರು ಬರೆದುಕೊಟ್ಟದ್ದು ಒಂದೇ ತಿಂಗಳಿಗೆ. ಮಗಳನ್ನು ಉಳಿಸಲು ಹೊರಟಾಗ ಅದು ನೆನಪಿಗೇ ಬರಲಿಲ್ಲ! "ಮಾತ್ರೆ ತಗೊಂಡಿದ್ದು ನಿಜವಾ?" ಎಂದು ಕೋರ್ಟಿನಲ್ಲಿ ಅವಳನ್ನು ಕೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ನನ್ನ ಕೈ ತಾನಾಗಿ ಮಾತ್ರೆಯಿದ್ದ ಕೈಚೀಲದ ಮೇಲೆ ಹೋಯಿತು. ಮಗಳು ಅದನ್ನು ನೋಡಿದಳು. "ಹೌದು, ನಾನೇ ತಗೊಂಡೆ" ಎಂದಳು. ಮೂರು ತಿಂಗಳು ಹೆಚ್ಚಾಯಿತು. ನಾನು ಬಾಯಿ ಬಿಡಲಿಲ್ಲ.

ಬಸ್ಸಿನಲ್ಲಿ ಕೇಳಿದಳು, "ಅಮ್ಮಾ, ನನ್ನನ್ನ ಒಂದ್ ಮಾತು ಕೇಳ್ಬಾರ್ದಿತ್ತಾ? ಆವತ್ತು ನಿನ್ನ ಕನ್ನಡಕ ರಿಪೇರಿ ಮಾಡಿಸ್ತಾ ಕೂತಿದ್ದೆ ಕಣಮ್ಮಾ."

ಅಳತೆ ತೆಗೆಯದೆ ಯಾರ ಬಟ್ಟೆಗೂ ಕತ್ತರಿ ಹಾಕಿದವಳಲ್ಲ ನಾನು. ಹೆತ್ತ ಮಗಳ ವಿಷಯದಲ್ಲಿ ಹಾಕಿಬಿಟ್ಟೆ. ಇನ್ನೂ ಒಂದು ಮಾತಿದೆ. ಅವಳಿಗೆ ಮೊದಲ ಮಾತ್ರೆ ಸಿಕ್ಕಿದ್ದು ಅಂಗಡಿಯಲ್ಲಲ್ಲ, ನನ್ನ ದಿಂಬಿನ ಕೆಳಗೆ. ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತಿದೆ. ಮೂರನೇ ಸಾಲಿನಲ್ಲಿ ಕೂತು ಬೇಡ ಬೇಡ ಎಂದು ತಲೆಯಾಡಿಸಬೇಡ ಮಗಳೇ, ಇವತ್ತು ಹೇಳಿಯೇ ತೀರುತ್ತೇನೆ.

ನ್ಯಾಯಾಧೀಶರೇ, ಆ ದಿನದ ದಾಖಲೆಯನ್ನು ದಯವಿಟ್ಟು ತಿದ್ದಿಸಿ. ಆ ತಪ್ಪು ನನ್ನದು, ಶಿಕ್ಷೆ ಇದ್ದರೆ ಅದೂ ನನ್ನದೇ. ಫಲಕ ಇಲ್ಲೇ ಮೇಜಿನ ಮೇಲಿರಲಿ.

ಸೋಮವಾರದಿಂದ ಈ ಕೇಂದ್ರದಲ್ಲಿ ನಾನೂ ಚಿಕಿತ್ಸೆಗೆ ಸೇರುತ್ತಿದ್ದೇನೆ. ಫಾರ್ಮಿನಲ್ಲಿ 'ಜೊತೆಗೆ ಬರುವವರು' ಎಂಬ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಈ ಸಲ ಕೇಳದೆ ತುಂಬಿಸುವುದಿಲ್ಲ. ಮಗಳೇ, ಕುಟುಂಬದವರ ಕುರ್ಚಿಯಲ್ಲಿ ನೀನು ಕೂರುತ್ತೀಯಾ?

ಕನ್ನಡಕ ಹಾಕಿಕೊಂಡೇ ಇದ್ದೇನಮ್ಮಾ. ನೀನು ಹೂಂ ಎಂದು ತಲೆಯಾಡಿಸಿದ್ದು ಇಲ್ಲಿಗೆ ಕಾಣಿಸಿತು.

ಇಷ್ಟು ಹೊತ್ತು ಕೇಳಿಸಿಕೊಂಡ ನಿಮಗೆಲ್ಲ ನಾನು ಋಣಿ. ನಮಸ್ಕಾರ.