ಎಡಕ್ಕೆ ಹಾಕು!

ತಮಿಳುನಾಡಿನ ಬೋಡಿಯಲ್ಲಿ ತೇವಾರಂ ಬಸ್ಸಿಗೆ ಕಾಯುತ್ತಿದ್ದೆ. ಬಾಸ್ಕೆಟ್‌ಬಾಲ್ ಪಂದ್ಯ ನೋಡಿ ಬಂದ ಇಬ್ಬರು ಹೆಂಗಸರು ಪಕ್ಕದಲ್ಲಿ ನಿಂತಿದ್ದರು. ಚಿಕ್ಕವಳು ಸಿಡುಕುತ್ತಿದ್ದಳು.

“ಅಕ್ಕಾ, ‘ಎಡಕ್ಕೆ ಹಾಕು’ ಅಂತ ಯಾಕೆ ಕೂಗ್ದೆ?”

“ಯಾವಾಗ್ಲೂ ಕನ್ನಡದಾಗೇ ತಾನೆ ಕೂಗೋದು? ಎದುರು ಟೀಮಿಗೆ ತಿಳೀಬಾರ್ದು ಅಂತ.”

“ಈ ಸಲ ಎದುರು ಟೀಮಲ್ಲಿ ನಮ್ಮೂರ ಹರಿಹರನ್ ಇದ್ದಾನಲ್ಲ!”

“ಚೆನ್ನೈಗೋಗಿ ದೊಡ್ಡ ಸ್ಟಾರ್ ಆದ್ರೂ ನಮ್ಮ ಹುಡುಗ ಅಂದ್ಕೊಂಡಿದ್ದೆ.”

“ನೀ ಕೂಗಿದ್ದು ಕೇಳಿ ಎಡಕ್ಕೇ ಬಂದು ಬಾಲ್ ಕಿತ್ಕೊಂಡ. ಅಲ್ಲೇ ಸೋತ್ವಿ.”

“ಸೋತಿದ್ದು ಹೋಗ್ಲಿ ಬಿಡು. ಆಟ ಮುಗಿದ್ಮೇಲೆ ಹತ್ರ ಹೋಗಿ, ‘ಚೆಂದಾಗಿದ್ದೀಯಾ, ಕಣ್ಣು?’ ಅಂದೆ.”

“ಏನಂದ?”

“‘ಕನ್ನಡ ತಿಳಿಯಲ್ಲ, ಮೇಡಂ’ ಅಂದ. ತಮಿಳಲ್ಲಿ.”

ಬಸ್ಸು ಬಂತು. ಇಬ್ಬರೂ ಹತ್ತಿದರು.